ಕೋಡ್ ರನ್ ಆಯಿತು, ಆದರೆ ಅದು ನನ್ನದಾಗಿರಲಿಲ್ಲ

ಕಂಪ್ಯೂಟರ್ ಸೈನ್ಸ್ ಪದವಿಗೆ ಈಗಷ್ಟೇ ಸೇರಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಪ್ಪಿನಿಂದ ನನಗೆ ಒಂದು ವರ್ಷ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗುವುದು, ನನ್ನನ್ನು ನಂಬಿದ ಗೆಳತಿಗೂ ನನ್ನಿಂದಾಗಿ ಶಿಕ್ಷೆಯಾಯಿತು ಎಂಬುದಕ್ಕೆ.

ಮೊದಲ ಸೆಮಿಸ್ಟರಿನ ಸಿ ಲ್ಯಾಬ್. ಲೂಪ್, ಅರೇ ತನಕ ಎಲ್ಲವನ್ನೂ ನಾನೇ ಬರೆದೆ. ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್, ಬಂದಾಗ ಸಿಕ್ಕಿಹಾಕಿಕೊಂಡೆ. ರನ್ ಮಾಡಿದರೆ ‘ಸೆಗ್ಮೆಂಟೇಶನ್ ಫಾಲ್ಟ್’ ಅಂತ ಎರಡೇ ಪದ. ಯಾವ ಸಾಲಿನಲ್ಲಿ ತಪ್ಪಾಗಿದೆ ಅಂತ ಅದು ಹೇಳುವುದಿಲ್ಲ. ಎರಡು ರಾತ್ರಿ ಒದ್ದಾಡಿದೆ. ಮೂರನೇ ದಿನ ಗೆಳತಿಯ ಕೋಡ್ ಕೇಳಿದೆ. ‘ಸುಮ್ನೆ ನೋಡ್ತೀನಿ ಕಣೇ, ಕಾಪಿ ಮಾಡಲ್ಲ’ ಅಂದೆ. ಅವಳು ಕೊಟ್ಟಳು.

ಅವತ್ತು ನಿಜವಾಗಿಯೂ ಕಾಪಿ ಮಾಡಲಿಲ್ಲ. ಬರೀ ಓದಿದೆ. ಒಂದೊಂದು ಸಾಲೂ ಅರ್ಥವಾಯಿತು. ನಾನು ಮೋಸ ಹೋಗಿದ್ದೇ ಇಲ್ಲಿ. ಬೇರೆಯವರು ಬರೆದಿಟ್ಟ ಕೋಡ್ ಓದಿದರೆ ಯಾರಿಗಾದರೂ ಅರ್ಥವಾಗುತ್ತದೆ. ಖಾಲಿ ಫೈಲ್ ಮುಂದೆ ಕೂತು ಮೊದಲ ಸಾಲು ಏನು ಅಂತ ಯೋಚಿಸುವುದು ಬೇರೆಯೇ ಕೆಲಸ.

ಲಿಂಕ್ಡ್ ಲಿಸ್ಟ್ ತಿರುಗಿಸುವ ಪ್ರೋಗ್ರಾಂ ತಗೊಳ್ಳಿ. ಈ ಲಿಸ್ಟಿನಲ್ಲಿ ಒಂದೊಂದು ನೋಡ್, ಅಂದರೆ ಡಬ್ಬಿ, ಮುಂದಿನದರ ವಿಳಾಸವನ್ನು ಬಾಣದ ಹಾಗೆ ಹಿಡಿದಿರುತ್ತದೆ. ಮೂರು ಪಾಯಿಂಟರ್, ಲೂಪಿನೊಳಗೆ ನಾಲ್ಕು ಸಾಲು. ಓದಲು ಒಂದು ನಿಮಿಷ ಸಾಕು. ಆದರೆ ಮುಂದಿನ ನೋಡ್‌ನ ವಿಳಾಸವನ್ನು ಮೊದಲು ಎತ್ತಿಟ್ಟುಕೊಳ್ಳದೆ ಬಾಣ ತಿರುಗಿಸಿದರೆ, ಉಳಿದ ಲಿಸ್ಟ್ ಅಷ್ಟೂ ಕೈತಪ್ಪಿ ಹೋಗುತ್ತದೆ. ವಿಳಾಸ ಎತ್ತಿಡುವ ಸಾಲು ಎಲ್ಲಕ್ಕಿಂತ ಮೊದಲು ಯಾಕಿದೆ ಅನ್ನುವುದು ಒಂದು ಸಲ ಲಿಸ್ಟ್ ಕಳೆದುಕೊಂಡರೆ ಮರೆಯುವುದಿಲ್ಲ. ಗೆಳತಿ ಕಳೆದುಕೊಂಡಿದ್ದಳು, ಕಲಿತಿದ್ದಳು. ನಾನು ಅವಳ ಉತ್ತರವನ್ನಷ್ಟೇ ನೋಡಿದ್ದೆ.

ಎರಡನೇ ವರ್ಷ ಡೇಟಾ ಸ್ಟ್ರಕ್ಚರ್ಸ್ ಬಂತು. ಅಷ್ಟು ಹೊತ್ತಿಗೆ ‘ಸುಮ್ನೆ ನೋಡುವುದು’ ಹೋಗಿ, ಹೆಸರು ಬದಲಿಸಿ ಸಲ್ಲಿಸುವುದು ಶುರುವಾಗಿತ್ತು. ವೇರಿಯಬಲ್ ಹೆಸರು ಬೇರೆ, ಕಾಮೆಂಟ್ ಬೇರೆ, ಫಂಕ್ಷನ್‌ಗಳ ಕ್ರಮ ಬೇರೆ. ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ. ಗೊತ್ತಾಗುತ್ತದೆ. ಮಾಸ್ ಎಂಬ ಸಾಫ್ಟ್‌ವೇರ್ 1994ರಿಂದಲೇ ಇದೆ. ಅಲೆಕ್ಸ್ ಐಕೆನ್ ಎಂಬ ಪ್ರಾಧ್ಯಾಪಕರು ಮಾಡಿದ್ದು. ವೇರಿಯಬಲ್ ಹೆಸರು, ಖಾಲಿ ಜಾಗ ಇವುಗಳನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೋಡನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಅದರಿಂದಲೇ ಲೆಕ್ಕ ಹಾಕಿದ ಒಂದು ಸಂಖ್ಯೆ (ಹ್ಯಾಶ್) ಕೊಟ್ಟು, ಅವುಗಳಲ್ಲಿ ಕೆಲವನ್ನು ಬೆರಳಚ್ಚಿನ ಹಾಗೆ ಇಟ್ಟುಕೊಂಡು ತರಗತಿಯ ಎಲ್ಲರ ಕೋಡ್ ಜೊತೆ ಹೋಲಿಸುತ್ತದೆ. ಫಂಕ್ಷನ್‌ಗಳನ್ನು ಮೇಲೆ ಕೆಳಗೆ ಮಾಡಿದರೆ ಒಳಗಿನ ಬೆರಳಚ್ಚು ಅಳಿಸಿ ಹೋಗುವುದಿಲ್ಲ.

ಆದರೆ ಹೋಲಿಕೆ ಇದೆ ಅಂತ ಮಾತ್ರ ಅದು ತೋರಿಸುತ್ತದೆ. ಯಾರು ಯಾರಿಂದ ತೆಗೆದುಕೊಂಡರು ಅಂತ ಹೇಳುವುದಿಲ್ಲ. ಹಾಗಾಗಿ ಇಬ್ಬರನ್ನೂ ಕರೆದರು.

ಮೇಷ್ಟ್ರು ಬೈನರಿ ಸರ್ಚ್ ಕೋಡ್, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ಕೋಡ್, ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. ಅದರಲ್ಲಿ ಲೋ, ಹೈ ಅಂದರೆ ಹುಡುಕುವ ಭಾಗದ ಎರಡು ತುದಿ. ‘ಮಧ್ಯದ ಜಾಗ ಬೇಕಾದರೆ ಲೋ ಮತ್ತು ಹೈ ಕೂಡಿಸಿ ಎರಡರಿಂದ ಭಾಗಿಸಿದರೆ ಆಯ್ತಲ್ವಾ? ಹೈನಿಂದ ಲೋ ಕಳೆದು, ಅರ್ಧ ಮಾಡಿ, ಮತ್ತೆ ಲೋಗೆ ಕೂಡಿಸಿದ್ದು ಯಾಕೆ?’ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಗೆಳತಿ ಮೆಲ್ಲಗೆ ಹೇಳಿದಳು: ಪೂರ್ಣಾಂಕ ಇಡುವ 32 ಬಿಟ್‌ನ ಇಂಟ್‌ನಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,14,74,83,647. ಎರಡು ದೊಡ್ಡ ಸಂಖ್ಯೆ ಕೂಡಿಸಿದರೆ ಅದನ್ನು ಮೀರಬಹುದು. ಆಗ ಮೈನಸ್ ಸಂಖ್ಯೆ ಬಂದು ಪ್ರೋಗ್ರಾಂ ಬೀಳುತ್ತದೆ. ಜಾವಾದ ಲೈಬ್ರರಿಯಲ್ಲೇ ಈ ತಪ್ಪು ವರ್ಷಗಟ್ಟಲೆ ಇತ್ತು, ಆ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದರ ಬಗ್ಗೆ ಬರೆದರು ಅಂತಲೂ ಹೇಳಿದಳು. ನನ್ನದೆಂದು ಕೊಟ್ಟ ಫೈಲಿನಲ್ಲಿ ಏನಿದೆ ಅಂತ ನನಗೆ ಗೊತ್ತಾಗಿದ್ದೇ ಆವಾಗ.

ಬರೆದವರು ಯಾರು ಅನ್ನುವುದು ಅಲ್ಲಿಗೆ ತಿಳಿದುಹೋಯಿತು. ಆದರೂ ಇಬ್ಬರಿಗೂ ಸೊನ್ನೆ. ಕೋಡ್ ಕೊಟ್ಟವರದ್ದೂ ತಪ್ಪೇ ಅಂತ ನಿಯಮ. ಬಹಳಷ್ಟು ಕಡೆ ನಿಯಮ ಹೀಗೇ ಇದೆ. ಅವಳು ಹೊರಗೆ ಬಂದು ಏನೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಯಾರಾದರೂ ನಿಮ್ಮ ಕೋಡ್ ಕೇಳಿದರೆ ಫೈಲ್ ಕಳಿಸಬೇಡಿ. ಪಕ್ಕದಲ್ಲಿ ಕೂತು ಕಾಗದದ ಮೇಲೆ ಡಬ್ಬಿ, ಬಾಣ ಬರೆಸಿ. ಅದು ನಿಜವಾದ ಸಹಾಯ.

ಅವಳು ಪಾಸಾದಳು, ಗ್ರೇಡ್ ಇಳಿಯಿತು. ನಾನು ಫೇಲಾದೆ. ಆ ವಿಷಯ ಪಾಸಾಗದೆ ಅಲ್ಗಾರಿದಮ್ಸ್ ಇಲ್ಲ, ಆಪರೇಟಿಂಗ್ ಸಿಸ್ಟಮ್ಸ್ ಇಲ್ಲ. ಹೋಗಿದ್ದು ಒಂದು ಲ್ಯಾಬ್ ಅಂಕ ಅಂದುಕೊಂಡಿದ್ದೆ, ಹೋಗಿದ್ದು ಒಂದು ವರ್ಷ. ಈ ಪದವಿಯಲ್ಲಿ ಒಂದರ ಮೇಲೆ ಒಂದು ಕೂರುತ್ತದೆ. ಪಾಯಿಂಟರ್ ಬರದಿದ್ದರೆ ಟ್ರೀ (ಮರದ ಹಾಗೆ ಕವಲೊಡೆಯುವ ರಚನೆ) ಬರಲ್ಲ. ಟ್ರೀ ಬರದಿದ್ದರೆ ಕಂಪೈಲರ್ ಕ್ಲಾಸಿನಲ್ಲಿ ಪಾರ್ಸ್ ಟ್ರೀ ನೋಡಿ ಕಂಗಾಲಾಗುತ್ತೀರಿ, ಡೇಟಾಬೇಸ್ ಕ್ಲಾಸಿನಲ್ಲಿ ಬಿ-ಟ್ರೀ ನೋಡಿಯೂ ಅಷ್ಟೇ.

ಇನ್ನೊಂದು ಮಾತು. ‘ಔಟ್‌ಪುಟ್ ಬಂತು, ಮುಗೀತು’ ಅನ್ನುವ ಅಭ್ಯಾಸ ನನಗೆ ಅಂಟಿದ್ದೂ ಹೀಗೆಯೇ. ಒಂದು ಕೌಂಟರ್‌ಗೆ ಒಟ್ಟಿಗೇ ಓಡುವ ಎರಡು ಥ್ರೆಡ್‌ಗಳು ತಲಾ 1,00,000 ಸಲ ಒಂದು ಕೂಡಿಸಿದರೆ 2,00,000 ಬರಬೇಕು. ಒಂದು ಮುಗಿಸುವ ತನಕ ಇನ್ನೊಂದನ್ನು ತಡೆಯುವ ಲಾಕ್ ಇಲ್ಲದಿದ್ದರೆ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಒಂದು ಕೂಡಿಸುವುದು ಅಂದರೆ ಒಳಗೆ ಓದು, ಕೂಡು, ಬರೆ ಅಂತ ಮೂರು ಹೆಜ್ಜೆ. ಎರಡೂ ಥ್ರೆಡ್ ಒಂದೇ ಹಳೆಯ ಸಂಖ್ಯೆ ಓದಿಬಿಟ್ಟರೆ ಒಂದು ಲೆಕ್ಕ ಹೋಯಿತು. ಅದೃಷ್ಟಕ್ಕೆ ಒಮ್ಮೆ ಸರಿ ಉತ್ತರ ಬಂದರೂ ಕೋಡ್ ತಪ್ಪೇ.

ಈಗ ಗೆಳೆಯರನ್ನು ಕೇಳುವ ಅಗತ್ಯವೂ ಇಲ್ಲ, ಎಐ ಕ್ಷಣದಲ್ಲಿ ಬರೆದು ಕೊಡುತ್ತದೆ. ನನಗೆ ನಿಮ್ಮ ಬಗ್ಗೆ ಭಯವಾಗುವುದು ಅದಕ್ಕೇ. ಮೊದಲ ವರ್ಷ ನೀವೇ ಒದ್ದಾಡಿ. ಒದ್ದಾಡಲು ಬೇಕಾದ ಸಲಕರಣೆ ಮೊದಲೇ ಕಲಿತುಕೊಳ್ಳಿ. ಜಿಡಿಬಿ ಅಂತ ತಪ್ಪು ಹುಡುಕಲು ನೆರವಾಗುವ ಡಿಬಗರ್ ಇದೆ ಅನ್ನುವುದೇ ಆಗ ನನಗೆ ಗೊತ್ತಿರಲಿಲ್ಲ. ಕಂಪೈಲ್ ಮಾಡುವಾಗ ‘ಮೈನಸ್ ಜಿ’ ಸೇರಿಸಿ, ಪ್ರೋಗ್ರಾಮನ್ನು ಅದರೊಳಗೆ ಓಡಿಸಿ, ಬಿದ್ದ ಮೇಲೆ ‘ಬಿ ಟಿ’ ಎಂದು ಟೈಪ್ ಮಾಡಿದರೆ ಯಾವ ಫಂಕ್ಷನ್, ಎಷ್ಟನೇ ಸಾಲು ಅಂತ ತೋರಿಸುತ್ತದೆ.

ಮತ್ತೆ ಅದೇ ವಿಷಯಕ್ಕೆ ಕೂತ ವರ್ಷ, ಮೊದಲ ಸೆಮಿಸ್ಟರಿನ ಆ ಹಳೇ ಫೈಲ್ ಹುಡುಕಿ ತೆಗೆದು ಜಿಡಿಬಿಯಲ್ಲಿ ಓಡಿಸಿದೆ. ಮ್ಯಾಲಾಕ್ ಮಾಡದೆ, ಅಂದರೆ ಮೆಮೊರಿಯಲ್ಲಿ ಜಾಗ ಕೇಳಿ ಪಡೆಯದೆ, ಪಾಯಿಂಟರ್ ಹಿಡಿದು ಬರೆಯಲು ಹೋಗಿದ್ದೆ. ಸರಿ ಮಾಡಲು ಹತ್ತು ನಿಮಿಷ ಹಿಡಿಯಿತು, ಸೇರಿಸಿದ್ದು ಒಂದೇ ಸಾಲು.