ಕ್ವಾಡ್ ಬೈಕಿನ ಸ್ಪ್ರಾಕೆಟ್ ಬದಲಿಸುವ ಮುನ್ನ ಟೈರನ್ನೂ ಲೆಕ್ಕಕ್ಕೆ ಹಿಡಿಯಿರಿ

ಕೊಲ್ಲಿ ನಾಡುಗಳಲ್ಲಿ ಹಳೆಯ ಕ್ವಾಡ್ ಬೈಕ್ (ನಾಲ್ಕು ಚಕ್ರದ ಬೈಕ್) ಕೊಂಡು ಮರಳಿಗೆ ಇಳಿಯುವ ಗೆಳೆಯರು ದಯವಿಟ್ಟು ಇದನ್ನು ಓದಿ. ನನಗಾದದ್ದು ನಿಮಗೆ ಆಗಬಾರದು.

ಕಳೆದ ಚಳಿಗಾಲದಲ್ಲಿ ನನ್ನ ಯಮಹಾ ರಾಪ್ಟರ್ 700ಕ್ಕೆ ಹೊಸ ಚೈನ್ ಹಾಕಿಸಲು ಒಂದು ಗ್ಯಾರೇಜಿಗೆ ಹೋಗಿದ್ದೆ. ಸ್ಪ್ರಾಕೆಟ್ ಎಂದರೆ ಚೈನ್ ಓಡುವ ಹಲ್ಲಿನ ಚಕ್ರ; ಮುಂದಿನದು ಎಂಜಿನ್ ಬಳಿ, ಹಿಂದಿನದು ಹಿಂಚಕ್ರಗಳ ಅಚ್ಚಿನಲ್ಲಿ. ಮೂಲದಲ್ಲಿ ನನ್ನ ಗಾಡಿಯ ಮುಂದಿನ ಸ್ಪ್ರಾಕೆಟ್‌ಗೆ 14 ಹಲ್ಲು, ಹಿಂದಿನದಕ್ಕೆ 38. "15 ಮತ್ತು 36 ಹಾಕಿಸಿ, ವೇಗ ಏರುತ್ತದೆ. ಒಂದೆರಡು ಹಲ್ಲಿನಿಂದ ಏನೂ ಆಗುವುದಿಲ್ಲ" ಎಂದರು ಗ್ಯಾರೇಜಿನವರು. ನಂಬಿದೆ. ಅದೇ ದಿನ ಹಿಂಚಕ್ರಗಳ 20 ಇಂಚು ಎತ್ತರದ ಟೈರುಗಳನ್ನು ತೆಗೆಸಿ, ಮರಳನ್ನು ಹುಟ್ಟಿನಂತೆ ತಳ್ಳುವ ಪಟ್ಟಿಗಳಿರುವ 22 ಇಂಚಿನ ಪ್ಯಾಡಲ್ ಟೈರುಗಳನ್ನೂ ಹಾಕಿಸಿದೆ.

ಮರುವಾರ ಶಾರ್ಜಾದ ಅಲ್ ಬದಾಯರ್ ಮರಳುಗಾಡಿಗೆ ಹೋದೆವು. ಗಟ್ಟಿ ನೆಲದಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ದೊಡ್ಡ ದಿಬ್ಬದ ಬುಡದಲ್ಲೇ ಎರಡನೆಯ ಗೇರ್ ತನ್ನ ಮಿತಿ ಮುಟ್ಟಿತು. ಮೂರಕ್ಕೆ ಹಾಕಿದರೆ ಎಂಜಿನ್ ಏದುಸಿರು ಬಿಟ್ಟಿತು. ಏರಿನ ಮರಳಿನಲ್ಲಿ ಗೇರ್ ಬದಲಿಸುವ ಅರೆಕ್ಷಣದಲ್ಲೇ ಓಟ ಸತ್ತುಹೋಗುತ್ತದೆ. ಕ್ಲಚ್ ಅರ್ಧ ಹಿಡಿದು ಎಳೆಸಲು ನೋಡಿದೆ, ಸುಟ್ಟ ವಾಸನೆ ಬಂತು. ತುದಿಗೆ ನಾಲ್ಕು ಮಾರು ಇರುವಾಗ ಗಾಡಿ ನಿಂತು ಹಿಂದಕ್ಕೆ ಜಾರಿತು. ಕೆಳಗೆ ನಿಂತಿದ್ದ ಭಾವ "ಗಾಡಿ ಬಿಟ್ಟು ಹಾರಿ ಭಾವ, ಹಾರಿ!" ಎಂದು ಕೂಗಿದರು. ಹಾರಿದೆ. ಗಾಡಿ ಎರಡು ಪಲ್ಟಿ ಹೊಡೆದು ಅವರ ಪಕ್ಕದಲ್ಲೇ ಉರುಳಿಹೋಯಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಹಿಂದಿನ ಹಲ್ಲನ್ನು ಮುಂದಿನ ಹಲ್ಲಿನಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ: ಮೊದಲು 2.71, ಈಗ 2.40. ಅನುಪಾತ ಇಳಿದಷ್ಟೂ ಎಳೆತವೂ ಇಳಿಯುತ್ತದೆ. ಅಲ್ಲಿಗೇ ಎಳೆತದಲ್ಲಿ ಶೇಕಡಾ 11ಕ್ಕಿಂತ ಹೆಚ್ಚು ಹೋಯಿತು. ಟೈರಿನ ಎತ್ತರ ಹತ್ತರಲ್ಲೊಂದು ಪಾಲು ಏರಿದ್ದೂ ಅದೇ ಕೆಲಸ ಮಾಡುತ್ತದೆ. ಎರಡೂ ಸೇರಿ ಚಕ್ರಕ್ಕೆ ತಲುಪುವ ಎಳೆತದಲ್ಲಿ ಸುಮಾರು ಐದನೆಯ ಒಂದು ಭಾಗ ಕಳೆದುಕೊಂಡಿದ್ದೆ! ಮುಂದಿನ ಒಂದು ಹಲ್ಲು ಈ ಗಾಡಿಯಲ್ಲಿ ಹಿಂದಿನ ಸುಮಾರು ಎರಡೂಮುಕ್ಕಾಲು ಹಲ್ಲಿಗೆ ಸಮ. "ಒಂದೆರಡು ಹಲ್ಲು" ಎಂಬ ಮಾತಿಗೆ ಅರ್ಥವೇ ಇಲ್ಲ.

ಈಗ 13 ಮತ್ತು 38 ಹಾಕಿಸಿದ್ದೇನೆ. ಅನುಪಾತ 2.92, ದೊಡ್ಡ ಟೈರಿನ ಜೊತೆಗೆ ಇದು ಮೂಲದ ಎಳೆತಕ್ಕೆ ಹತ್ತಿರ ಬರುತ್ತದೆ. ಮುಂದೆ 13 ಹಲ್ಲಿಗಿಂತ ಚಿಕ್ಕದಕ್ಕೆ ಹೋಗಬೇಡಿ ಎಂದೇ ಹೇಳುತ್ತೇನೆ. ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನ್ ಹೆಚ್ಚು ಬಾಗಿ ಬೇಗ ಸವೆಯುತ್ತದೆ, ಸ್ವಿಂಗ್ ಆರ್ಮ್ (ಹಿಂಚಕ್ರಗಳ ಅಚ್ಚನ್ನು ಹಿಡಿದ ತೋಳು) ಮೇಲಿನ ರಬ್ಬರ್ ಪಟ್ಟಿಯನ್ನೂ ಉಜ್ಜುತ್ತದೆ. ಎರಡು ಮೂರು ಸವಾರಿಗೊಮ್ಮೆ ಆ ಪಟ್ಟಿಯನ್ನು ನೋಡಿ.

ಇನ್ನೊಂದು ಮಾತು. ನನ್ನ ಹಳೆಯ ಸ್ಪ್ರಾಕೆಟ್‌ಗಳನ್ನು ಕೇಳಲು ಹೋದಾಗ ಗ್ಯಾರೇಜಿನವರು ಆಗಲೇ ಗುಜರಿಗೆ ಹಾಕಿದ್ದರು. ಹಲ್ಲು ಕೊಕ್ಕೆಯಂತೆ ಬಾಗಿಲ್ಲದಿದ್ದರೆ ತೆಗೆಸಿದ ಜೋಡಿಯನ್ನು ಅಂದೇ ಕೇಳಿ ಮನೆಗೆ ತನ್ನಿ.