ನಾಲ್ಕು ಚಮಚ ಊಟ ಕಳಿಸುವ ಖಾನಾವಳಿ

ದಾವಣಗೆರೆಯಲ್ಲಿ ಖಾನಾವಳಿಗೇನು ಬರವಿಲ್ಲ. ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ. ಹೊಟ್ಟೆ ತುಂಬ ಬಡಿಸುವ ಕಡೆ ಬೇಕಾದಷ್ಟಿವೆ. ನನಗೆ ಬೇಕಿದ್ದದ್ದು ಬೇರೆ. ನಾಲ್ಕೇ ನಾಲ್ಕು ಚಮಚ ಊಟ, ಮೆತ್ತಗೆ, ಖಾರ ಇಲ್ಲದೆ, ದಿನಕ್ಕೆ ಮೂರು ಸಲ, ಆಫೀಸಿನ ಟೇಬಲ್ಲಿಗೆ. ಅದನ್ನು ಕೊಟ್ಟ ಖಾನಾವಳಿ ಬಗ್ಗೆ ಮೂರೂವರೆ ತಿಂಗಳು ಉಂಡ ಮೇಲೆ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. "ಇರೋ ಗಿರಾಕಿಗೇ ಕೈ ಸಾಲವಲ್ದು, ಬ್ಯಾಡ್ರಿ" ಅಂತ ಖಾನಾವಳಿ ನಡೆಸುವ ಅಕ್ಕನೇ ಹೇಳಿದ್ದಾರೆ. ಪಿ.ಬಿ. ರಸ್ತೆಯಿಂದ ಒಳಗೆ, ಒಂದು ಮನೆಯ ಮುಂದಿನ ಪಡಸಾಲೆಯಲ್ಲಿ ನಡೆಸುತ್ತಾರೆ. ಅಷ್ಟು ಸಾಕು.

ನನಗೆ 41 ವರ್ಷ. ಇಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ಮನೆ ಚಿತ್ರದುರ್ಗದಲ್ಲಿ, ಇಲ್ಲಿ ಬಾಡಿಗೆ ರೂಮು. ಜನವರಿಯಲ್ಲಿ ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಆಗ ನನ್ನ ತೂಕ 118 ಕೆಜಿ, ಎತ್ತರ 160 ಸೆಂಟಿಮೀಟರ್, ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, 46. ಎಂಟು ವರ್ಷದಿಂದ ಶುಗರ್ ಬೇರೆ. ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಮೇಲೆ ಐದು ಸಣ್ಣ ತೂತು ಮಾಡಿ, ಜಠರದ ನೂರಕ್ಕೆ 75ರಿಂದ 80 ಭಾಗ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನಷ್ಟು ಉದ್ದದ ಒಂದು ಸಣ್ಣ ಚೀಲ. ಹಸಿವು ಎಬ್ಬಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಜಾಸ್ತಿ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ನನಗೆ ಹಸಿವೇ ಆಗಲಿಲ್ಲ.

ಕೇಳಲಿಕ್ಕೆ ಇದು ವರ ಅನ್ನಿಸುತ್ತದೆ, ಅಲ್ವಾ? ಆಫೀಸಿಗೆ ಹೋಗಿ ಕೂತ ಮೊದಲ ದಿನವೇ ಗೊತ್ತಾಯಿತು, ಹಸಿವು ಅನ್ನೋದು ಎಷ್ಟು ದೊಡ್ಡ ಆಸರೆ ಅಂತ.

21 ದಿನ ಪರಿವರ್ತಿತ ರಜೆ ಹಾಕಿದ್ದೆ. ಅಷ್ಟೂ ದಿನ ಅಮ್ಮ ಗಂಟೆಗೊಂದು ಸಲ ಲೋಟ ಹಿಡಿದು ಮುಂದೆ ನಿಲ್ಲುತ್ತಿದ್ದರು. ಹೆಸರುಬೇಳೆ ಕಟ್ಟು, ತಿಳಿ ಮಜ್ಜಿಗೆ, ಸೋಸಿದ ರಾಗಿ ಗಂಜಿ. 22ನೇ ದಿನ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟು ಡ್ಯೂಟಿಗೆ ಹಾಜರಾದೆ. ಮೂರು ವಾರದ ಟಪಾಲು ಮೇಜಿನ ಮೇಲೆ ಕೂತಿತ್ತು. ಒಂದೊಂದೇ ಕಡತ ಬಿಚ್ಚುತ್ತಾ ಹೋದೆ. ಗಡಿಯಾರ ನೋಡಿದಾಗ ಎರಡೂವರೆ. ಬೆಳಿಗ್ಗೆ ಎಂಟಕ್ಕೆ ಪ್ರೋಟೀನ್ ಪುಡಿ ಕಲಸಿ ಕುಡಿದದ್ದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲ. ನೀರು ಎರಡು ಗುಟುಕು. ಒಂದು ಕಡತ ಹಿಡಿದು ಸಾಹೇಬರ ಕೋಣೆಗೆ ಅಂತ ಎದ್ದೆ, ಕಣ್ಣು ಕತ್ತಲೆ ಬಂತು. ಬೀರು ಹಿಡಿದು ನಿಂತೆ. ಸಂಜೆ ಆಸ್ಪತ್ರೆಯ ಆಹಾರ ತಜ್ಞೆಗೆ ಫೋನ್ ಮಾಡಿದೆ. ಹಸಿವಾಗಲಿ ಅಂತ ಕಾಯಬೇಡಿ, ಗಡಿಯಾರ ನೋಡಿ ಉಣ್ಣಿ ಅಂದರು. ಆಪರೇಷನ್ ಆದವರು ಮತ್ತೆ ಆಸ್ಪತ್ರೆಗೆ ಬರುವುದಕ್ಕೆ ನೀರು ಸಾಲದೇ ಹೋಗುವುದೇ ಒಂದು ದೊಡ್ಡ ಕಾರಣ ಅಂತಲೂ ಎಚ್ಚರಿಸಿದರು.

ರೂಮಿನಲ್ಲೇ ಅಡುಗೆ ಮಾಡಿಕೊಂಡು ನೋಡಿದೆ. ನಾಲ್ಕು ಚಮಚಕ್ಕೆ ಅಂತ ಯಾವ ಕುಕ್ಕರೂ ಇಲ್ಲ. ಮಾಡಿದ್ದು ಉಳಿದು ಮೂರು ದಿನ ಅದೇ ಊಟ. ಬೆಂಗಳೂರಿಗೆ ಚೆಕಪ್‌ಗೆ ಹೋದಾಗ ಮೊಬೈಲಿನಲ್ಲಿ ಪ್ರೋಟೀನ್ ಬೌಲ್ ಅಂತ ಒಂದು ತರಿಸಿದ್ದೆ. ದೊಡ್ಡ ಡಬ್ಬಿ ತುಂಬ ಹಸಿ ದೊಣ್ಣೆಮೆಣಸಿನಕಾಯಿ, ಗಟ್ಟಿ ಕಾಳು. ಮೂರು ಚಮಚಕ್ಕೆ ಸಾಕಾಯಿತು. ಕೊಟ್ಟ ದುಡ್ಡು 290.

ಹೀಗಿರುವಾಗ ಒಂದು ಸಂಜೆ ಖಾನಾವಳಿಗೆ ಹೋದೆ. ಅಕ್ಕ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. "ಎಷ್ಟು ಊಟ ಹೋಗ್ತೈತ್ರಿ ನಿಮಗ?" ಅಂದರು. ನಾಲ್ಕು ಚಮಚ ಅಂದೆ. ಬಡಿಯುವ ಕೈ ನಿಂತಿತು. ನಾನು ಅಂಗೈ ತೆರೆದು, ನಡುವೆ ಬೆರಳಿನಿಂದ ಗುಂಡಗೆ ಗೀಟು ಎಳೆದು ತೋರಿಸಿದೆ. ಆಪರೇಷನ್ ವಿಷಯ ಮುಚ್ಚಿಡದೆ ಹೇಳಿದೆ. ನಗುತ್ತಾರೇನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಹಿಟ್ಟಿನ ಕೈ ಒರೆಸಿಕೊಂಡು, "ಹಂಗಾರ ಕೂಸಿಗೆ ಮಾಡಿದಂಗ ಮಾಡೋದು. ಆರು ತಿಂಗಳ ಕೂಸಿಗೆ ಏನ್ ಉಣಿಸ್ತೀವಿ, ಅಲ್ಲಿಂದ ಸುರು ಮಾಡೋಣ ತಗೊಳ್ರಿ" ಅಂದರು. ಆಹಾರ ತಜ್ಞೆ ನಾಲ್ಕು ಪುಟ ಬರೆದುಕೊಟ್ಟದ್ದರ ಸಾರವೂ ಇದೇ. ಮೊದಲು ನೀರಾಗಿರುವುದು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿರುವುದು, ಕೊನೆಗೆ ಎಲ್ಲರ ಊಟ.

ಚೌಕಿಪೇಟೆಗೆ ಹೋಗಿ ಮೂರು ಪುಟ್ಟ ಸ್ಟೀಲ್ ಡಬ್ಬಿ ತಂದುಕೊಟ್ಟೆ. ಅಕ್ಕನ ಮಗಳು ಮುಚ್ಚಳದ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟಳು. ಒಂದು ಚುಕ್ಕೆ ಹನ್ನೊಂದು ಗಂಟೆಗೆ, ಎರಡು ಚುಕ್ಕೆ ಒಂದೂವರೆಗೆ, ಮೂರು ಚುಕ್ಕೆ ನಾಲ್ಕಕ್ಕೆ. ದಿನಾ ಹತ್ತೂವರೆಗೆ ಅಕ್ಕನ ಮಗ ಟಿವಿಎಸ್ ಎಕ್ಸೆಲ್‌ನಲ್ಲಿ ಆಫೀಸ್ ಗೇಟಿಗೆ ತಂದುಕೊಡುತ್ತಾನೆ. ನಾನು ಮೆಟ್ಟಿಲು ಇಳಿದು ಹೋಗಿ ತರುತ್ತೇನೆ. ಮೇಲಕ್ಕೇ ತರುತ್ತೇನೆ ಅಂದಿದ್ದ, ನಾನೇ ಬೇಡ ಅಂದೆ. ಕೂತಲ್ಲೇ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತು, ಗಂಟೆಗೊಮ್ಮೆ ಎದ್ದು ಓಡಾಡಿ ಅಂತ ಡಾಕ್ಟರು ಹೇಳಿದ್ದರು. ಭಾರ ಮಾತ್ರ ಆರು ವಾರ ಎತ್ತುವಂತಿರಲಿಲ್ಲ, ಕಡತದ ಕಟ್ಟನ್ನು ಅಟೆಂಡರ್ ಎತ್ತಿಡುತ್ತಿದ್ದರು.

ಮೂರೂ ಡಬ್ಬಿ ಕಂಪ್ಯೂಟರ್ ಪಕ್ಕ ಸಾಲಾಗಿ ಇಡುತ್ತೇನೆ. ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವುದು ಇದೇ. ಹೊಟ್ಟೆ ಕರೆಯದಿದ್ದರೂ ಡಬ್ಬಿ ಕರೆಯುತ್ತದೆ. ಒಂದು ಚುಕ್ಕೆ ಮುಚ್ಚಿದಂತೇ ಇದ್ದರೆ ನಾನು ತಪ್ಪಿದ್ದೇನೆ ಅಂತ ಅರ್ಥ. ನೀರೂ ಆ ಲೆಕ್ಕದಲ್ಲೇ ಕೂತಿತು. ಊಟದ ಜೊತೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಬಿಡಬೇಕು. ಹಾಗಾಗಿ ಒಂದು ಡಬ್ಬಿಗೂ ಇನ್ನೊಂದಕ್ಕೂ ನಡುವೆ ಅರ್ಧ ಬಾಟ್ಲಿ, ಗುಟುಕು ಗುಟುಕಾಗಿ.

ರುಚಿ ಬಗ್ಗೆ ಹೇಳಬೇಕು. ಅಕ್ಕನ ಮೊಸರಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ರಾತ್ರಿ ಮೊಸರನ್ನು ತೆಳು ಪಂಚೆ ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ನೇತುಹಾಕುತ್ತಾರೆ, ಕೆಳಗೊಂದು ಬೋಗುಣಿ. ಬೆಳಿಗ್ಗೆ ಹೊತ್ತಿಗೆ ನೀರೆಲ್ಲಾ ಇಳಿದು ಬೆಣ್ಣೆ ಹಾಗಿರುತ್ತದೆ. ಅದಕ್ಕೆ ಹುರಿದ ಜೀರಿಗೆ ಪುಡಿ, ಒಂದು ಚಿಟಿಕೆ ಉಪ್ಪು, ಅಷ್ಟೇ. ಚಮಚ ನೆಟ್ಟರೆ ನಿಲ್ಲುತ್ತದೆ. ಹುಳಿ ಇಲ್ಲ, ಅಂಟು ಇಲ್ಲ, ಗಂಟಲಲ್ಲಿ ತಣ್ಣಗೆ ಜಾರುತ್ತದೆ. ಸಿಹಿ ಪ್ರೋಟೀನ್ ಪುಡಿ ಕುಡಿದು ಕುಡಿದು ನಾಲಿಗೆ ಸತ್ತಿದ್ದವಳಿಗೆ ಮೊದಲ ದಿನ ಆ ಮೊಸರು ಬಾಯಿಗೆ ಬಿದ್ದಾಗ ಕಣ್ಣಲ್ಲಿ ನೀರು ಬಂತು. ನೀರು ಇಳಿಸಿದ ಮೊಸರಿನಲ್ಲಿ ಪ್ರೋಟೀನೂ ಒತ್ತಾಗಿರುತ್ತದೆ. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಹೋಗಬೇಕು ನನಗೆ. ಹೊಟ್ಟೆಯಲ್ಲಿ ಜಾಗವೇ ಇಲ್ಲದಾಗ ಒಂದೊಂದು ಚಮಚಕ್ಕೂ ಲೆಕ್ಕವಿದೆ.

ಎರಡು ಚುಕ್ಕೆ ಡಬ್ಬಿಯಲ್ಲಿ ಹೆಚ್ಚಾಗಿ ಹೆಸರುಬೇಳೆ ತೊವ್ವೆ, ಅದರಲ್ಲಿ ಪನೀರ್ ಹಿಸುಕಿ ಬೆರೆಸಿರುತ್ತಾರೆ. ಮೂರರಲ್ಲಿ ಕಾಳು. ಮಡಿಕೆಕಾಳು, ಹೆಸರುಕಾಳು ಮೊಳಕೆ ಬರಿಸಿ ಬೇಯಿಸಿದ್ದು. ಮೊದಮೊದಲು ಸಿಪ್ಪೆ ತಡೆಯುತ್ತಿರಲಿಲ್ಲ, ರುಬ್ಬಿ ಕಳಿಸುತ್ತಿದ್ದರು. ಈಗ ಇಡಿಯಾಗಿಯೇ ಬರುತ್ತದೆ. ಖಾನಾವಳಿ ಪೂರ್ತಿ ಸಸ್ಯಾಹಾರಿ, ಮೊಟ್ಟೆ ಸಿಗುವುದಿಲ್ಲ. ಅದನ್ನು ರೂಮಿನಲ್ಲಿ ನಾನೇ ಬೇಯಿಸಿಕೊಳ್ಳುತ್ತೇನೆ.

ರೊಟ್ಟಿ ಕಥೆ ಒಂದು ಹೇಳಲೇಬೇಕು. ಒಂಬತ್ತನೇ ವಾರ ಚಪಾತಿ ಚೂರು ತಿಂದು ನೋಡಿದೆ. ಹಿಟ್ಟಿನ ಮುದ್ದೆಯಾಗಿ ಎದೆಯಲ್ಲೇ ಕೂತಿತು. ಅಕ್ಕ ಕೇಳಿ, "ಕಟಕ್ ರೊಟ್ಟಿ ನೋಡ್ರಿ, ಅದು ಪುಡಿ ಆಗ್ತೈತಿ" ಅಂದರು. ಗಟ್ಟಿಯಾದದ್ದು ಹೇಗೆ ಇಳಿದೀತು ಅಂತ ನನಗೆ ಅನುಮಾನ. ಅಂಗೈಯ ಕಾಲು ಭಾಗದಷ್ಟು ಚೂರು, ಒಂದು ತುತ್ತಿಗೆ 25 ಸಲ ಅಗಿದೆ. ಸಲೀಸಾಗಿ ಹೋಯಿತು. ಅದು ನನ್ನ ಹೊಟ್ಟೆಯ ಮಾತು, ನಿಮ್ಮದು ಬೇರೆ ಇರಬಹುದು. ಡಾಕ್ಟರನ್ನು ಕೇಳಿಯೇ ತಿನ್ನಿ.

ಕೊರತೆಗಳೂ ಇವೆ. ಡಬ್ಬಿ ಸುರುವಾದ ಎರಡನೇ ವಾರ ಅಕ್ಕ ಮದುವೆಗೆ ಅಂತ ಊರಿಗೆ ಹೋಗಿದ್ದಾಗ ಬೇರೆಯವರ ಕೈ ಅಡುಗೆ. ತೊವ್ವೆಗೆ ಎಣ್ಣೆ ತೇಲುವ ಒಗ್ಗರಣೆ, ಬ್ಯಾಡಗಿ ಖಾರ. ಒಂದು ಚಮಚಕ್ಕೇ ಎದೆ ಉರಿ ಹತ್ತಿತು, ಎರಡು ದಿನ ಪ್ರೋಟೀನ್ ಪುಡಿಯ ಮೇಲೇ ಇದ್ದೆ. ಹೇಳಿ ಹೋಗಬೇಕಿತ್ತು. ಇನ್ನೊಂದು ಸಲ ಡಬ್ಬಿ ಮುಚ್ಚಳ ಸಡಿಲವಾಗಿ ತೊವ್ವೆ ಸೋರಿ ಒಂದು ಟಪಾಲಿನ ಅಂಚು ಹಳದಿಯಾಯಿತು. ಆಮೇಲಿನಿಂದ ರಬ್ಬರ್ ಬ್ಯಾಂಡ್ ಹಾಕಿ ಕಳಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ನಾಲ್ಕು ದಿನ ಬಾಗಿಲು ಹಾಕಿದ್ದರು. ಊರಿಗೆ ಊರೇ ಜಾತ್ರೆಯಲ್ಲಿರುವಾಗ ಅದು ತಪ್ಪಲ್ಲ. ಆದರೆ ನನಗೆ ಗೊತ್ತಾದದ್ದು ಹಿಂದಿನ ಸಂಜೆ. ಇನ್ನು ಜೋಳದ ನುಚ್ಚು ಮಜ್ಜಿಗೆ ವಾರಕ್ಕೆ ಮೂರು ಸಲ ಬರುತ್ತಿತ್ತು. ಅದರಲ್ಲಿ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಕಡಿಮೆ. ಹೇಳಿದ ಮೇಲೆ ಒಂದೇ ಸಲ ಮಾಡಿದರು.

ಒಂದು ಅವಘಡ ಮಾತ್ರ ಪೂರ್ತಿ ನನ್ನದೇ ತಪ್ಪು. ಆರನೇ ವಾರ, ಒಂದೂವರೆ ಗಂಟೆಯ ಡಬ್ಬಿ ಬಿಚ್ಚಿದ್ದೆ. ಸಾಹೇಬರು ಕರೆದರು. ಅವಸರಕ್ಕೆ ಎರಡು ಚಮಚ ಒಟ್ಟಿಗೆ ನುಂಗಿ ಎದ್ದೆ. ಎದೆಯ ನಡುವೆ ಕಲ್ಲು ಇಟ್ಟಂತಾಯಿತು. ಬಾಯಿ ತುಂಬ ನೊರೆ ನೊರೆ ಜೊಲ್ಲು. ಹದಿನೈದು ನಿಮಿಷ ಬಾತ್‌ರೂಮಿನಲ್ಲಿ ಗೋಡೆ ಹಿಡಿದು ನಿಂತಿದ್ದೆ. ಅಕ್ಕನಿಗೆ ಹೇಳಿದೆ. ಮಾರನೆಯ ದಿನ ಕ್ಯಾರಿಯರ್‌ನಲ್ಲಿ ಮಗುವಿನ ಚಮಚ ಬಂದಿತ್ತು. ಹಿಡಿ ಗಿಡ್ಡ, ತುದಿ ಹೆಬ್ಬೆರಳ ಉಗುರಿನಷ್ಟು. ಅವರ ಮೊಮ್ಮಗಳದು. ಈಗಲೂ ಅದರಲ್ಲೇ ಉಣ್ಣುತ್ತೇನೆ. ಒಂದೊಂದು ತುತ್ತಿಗೂ ಚಮಚ ಕೆಳಗಿಡುತ್ತೇನೆ. ಡಬ್ಬಿ ಖಾಲಿಯಾಗಲು 25 ನಿಮಿಷ ಬೇಕು. ಸಾಹೇಬರಿಗೂ ಹೇಳಿಬಿಟ್ಟೆ, ಒಂದೂವರೆಯಿಂದ ಎರಡರ ತನಕ ಕರೆಯಬೇಡಿ ಸಾರ್ ಅಂತ. ಅವರು ಕರೆಯುವುದಿಲ್ಲ.

ಬೆಲೆ ಮೂರು ಡಬ್ಬಿಗೆ ದಿನಕ್ಕೆ 60 ರೂಪಾಯಿ. ಪೂರ್ತಿ ಊಟದ ತಟ್ಟೆಗೇ ಅಲ್ಲಿ 80. ಇಷ್ಟು ಕಡಿಮೆ ಊಟಕ್ಕೆ 60 ಜಾಸ್ತಿ ಅಂತ ಯಾರಾದರೂ ಅಂದಾರು. ನಾನು ಒಪ್ಪುವುದಿಲ್ಲ. ಬೇರೆ ಒಲೆ, ಬೇರೆ ಪಾತ್ರೆ, ಖಾರವಿಲ್ಲದ ಬೇರೆ ಅಡುಗೆ, ಪನೀರ್, ಕಟ್ಟಿದ ಮೊಸರು. ಆ ಕೆಲಸಕ್ಕೆ 60 ರೂಪಾಯಿ ಕಡಿಮೆಯೇ.

ಆಫೀಸಿನಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ಬರುತ್ತದೆ. ಯಾರದಾದರೂ ಹುಟ್ಟುಹಬ್ಬಕ್ಕೆ ಬೆಣ್ಣೆ ದೋಸೆ. "ಒಂದು ತುತ್ತು ತಿಂದ್ರೆ ಏನಾಗುತ್ತೆ ಮೇಡಂ" ಅಂತ ಪ್ರೀತಿಯಿಂದಲೇ ಒತ್ತಾಯ ಮಾಡುತ್ತಾರೆ. ಮೊದಮೊದಲು ಉತ್ತರ ಕೊಡಲು ಕಷ್ಟವಾಗುತ್ತಿತ್ತು. ಮೂರು ಚುಕ್ಕೆ ಡಬ್ಬಿ ಬಿಚ್ಚಿಕೊಂಡು ಅವರ ಜೊತೆಯೇ ಕೂರುತ್ತೇನೆ ಈಗ. ಕೈಯಲ್ಲಿ ನನ್ನದೂ ಒಂದು ಊಟ ಇದ್ದರೆ ಯಾರೂ ಒತ್ತಾಯಿಸುವುದಿಲ್ಲ. ಮಾತು, ನಗು ಎಲ್ಲದರಲ್ಲೂ ನಾನಿರುತ್ತೇನೆ.

ನಿನ್ನೆ ತೂಗಿದಾಗ 94 ಕೆಜಿ. ಶುಗರ್ ಮಾತ್ರೆ ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ. ಕೂದಲು ಉದುರುತ್ತಿದೆ, ಕೆಲವು ತಿಂಗಳು ಹಾಗೇ ಇರುತ್ತದಂತೆ. ವಿಟಮಿನ್ ಮಾತ್ರೆ ಜೀವನಪೂರ್ತಿ. ಕ್ಯಾಲ್ಸಿಯಂ ಮಾತ್ರೆ ಒಂದು ಚುಕ್ಕೆ ಡಬ್ಬಿ ಜೊತೆ, ಕಬ್ಬಿಣದ್ದು ರಾತ್ರಿ. ಎರಡರ ನಡುವೆ ಎರಡು ಗಂಟೆಯಾದರೂ ಬಿಡಬೇಕು.

ನಿಮ್ಮ ಊರಲ್ಲಿ ಇಂಥ ಆಪರೇಷನ್ ಆಗಿ ಕೆಲಸಕ್ಕೆ ಹೊರಟವರು ಯಾರಾದರೂ ಇದ್ದರೆ, ಹತ್ತಿರದ ಖಾನಾವಳಿಗೆ ಒಂದು ಸಲ ಹೋಗಿ ಕೇಳಿ. ಆಹಾರ ತಜ್ಞರ ಚೀಟಿ ತೋರಿಸಿ. ಡಬ್ಬಿ ನೀವೇ ಕೊಡಿ, ಅಳತೆ ತಪ್ಪುವುದಿಲ್ಲ. ಒಗ್ಗರಣೆ ಬೇಡ ಅಂತ ಎರಡು ಸಲ ಹೇಳಿ. ತಿಂಗಳ ದುಡ್ಡು ಮುಂಗಡ ಕೊಟ್ಟುಬಿಡಿ, ಅವರಿಗೂ ಪನೀರ್ ತರಲು ಕೈಯಲ್ಲಿ ಕಾಸಿರಲಿ.

ಹೋದ ವಾರ ಇನ್ನೊಂದು ಆಫೀಸಿನವರು ಒಬ್ಬರು ಇದೇ ಆಪರೇಷನ್ ಮಾಡಿಸಿಕೊಂಡು ಅಕ್ಕನ ಹತ್ತಿರ ಬಂದಿದ್ದರು. ಮೊನ್ನೆ ಸಂಜೆ ನಾನು ಕ್ಯಾರಿಯರ್ ಕೊಡಲು ಹೋದಾಗ ಕಟ್ಟೆಯ ಮೇಲೆ ಮೂರು ಹೊಸ ಪುಟ್ಟ ಡಬ್ಬಿ ಬೋರಲಾಗಿ ಒಣಗುತ್ತಿದ್ದವು. ಅವರದು ನನ್ನದು ಅದಲುಬದಲಾಗಬಾರದು ಅಂತ ಅಕ್ಕನ ಮಗಳು ಅವಕ್ಕೆ ನೀಲಿ ಚುಕ್ಕೆ ಇಟ್ಟಿದ್ದಳು.