ರೆಡಿಮೇಡ್ ಪಿಸಿಎಲ್ ಸ್ಕ್ಯಾಫೋಲ್ಡ್: ಪ್ಲಾಸ್ಮಾ ಟ್ರೀಟ್ ಮಾಡಿದ್ದನ್ನೇ ಕೇಳಿ, ತಾರೀಖನ್ನೂ ಕೇಳಿ

ಕಾರ್ಟಿಲೇಜ್ (ಕೀಲುಗಳಲ್ಲಿರುವ ಮೃದ್ವಸ್ಥಿ) ಬೆಳೆಸುವ ಕೆಲಸಕ್ಕೆ ನಮ್ಮ ಲ್ಯಾಬ್‌ಗೆ ಎರಡು ಬಗೆಯ ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್) ಡಿಸ್ಕ್ ತರಿಸಿದ್ದೆವು. ಕೋಶಗಳು ಅಂಟಿ ಬೆಳೆಯೋಕೆ ಆಸರೆಯಾಗುವ ಇಂಥ ಚೌಕಟ್ಟೇ ಸ್ಕ್ಯಾಫೋಲ್ಡ್. ಒಂದು ಸಾದಾ, ಇನ್ನೊಂದು ಪ್ಲಾಸ್ಮಾ (ವಿದ್ಯುದಾವೇಶ ಇರುವ ಅನಿಲ, ರಕ್ತದ ಪ್ಲಾಸ್ಮಾ ಅಲ್ಲ) ಟ್ರೀಟ್ ಮಾಡಿದ್ದು. ಎರಡೂ ಕೋಶ ಬೆಳೆಸುವ 24 ವೆಲ್ (ಗುಳಿ) ಪ್ಲೇಟ್‌ಗೆ ಸರಿಯಾಗಿ ಕೂರುತ್ತವೆ.

ಸಾದಾ ಡಿಸ್ಕ್ ನೋಡೋಕೆ ಚೆನ್ನಾಗಿದೆ. ಎಳೆಗಳು ಅಚ್ಚುಕಟ್ಟಾಗಿ ಅಡ್ಡಡ್ಡ ಕೂತಿವೆ, ಚಿಮಟದಲ್ಲಿ ಹಿಡಿದರೂ ಮುರಿಯುವುದಿಲ್ಲ. ಆದರೆ ಪಿಸಿಎಲ್‌ಗೂ ನೀರಿಗೂ ಆಗಿಬರುವುದಿಲ್ಲ. ಮೀಡಿಯಾ (ಕೋಶಗಳಿಗೆ ಬೇಕಾದ ಪೋಷಕ ದ್ರವ) ಹಾಕಿದರೆ ಕೆಸುವಿನೆಲೆ ಮೇಲಿನ ಹನಿಯಂತೆ ಮೇಲೇ ನಿಲ್ಲುತ್ತದೆ. ರಂಧ್ರಗಳಲ್ಲಿ ಗಾಳಿ ಸಿಕ್ಕಿಕೊಂಡು ಡಿಸ್ಕ್ ತೇಲುತ್ತದೆ. ಮೇಕೆ ಮಂಡಿಯಿಂದ ಕಷ್ಟಪಟ್ಟು ತೆಗೆದ ಕಾಂಡ್ರೊಸೈಟ್‌ಗಳು (ಕಾರ್ಟಿಲೇಜ್ ಕೋಶಗಳು) ಹೆಚ್ಚಿನವು ವೆಲ್‌ನ ತಳಕ್ಕೆ ಹೋಗಿ ಅಂಟಿಕೊಂಡವು. ಅಲ್ಲಿ ಚಪ್ಪಟೆಯಾಗಿ ಹರಡಿದ ಕೋಶ ನಿಧಾನವಾಗಿ ತನ್ನ ಗುಣವನ್ನೇ ಬಿಡುತ್ತದೆ. ಕಾರ್ಟಿಲೇಜ್‌ಗೆ ಬೇಕಾದ ಟೈಪ್ 2 ಕೊಲ್ಯಾಜನ್ ಎಂಬ ಪ್ರೋಟೀನ್ ಕಮ್ಮಿಯಾಗಿ ಟೈಪ್ 1 ಜಾಸ್ತಿಯಾಗುತ್ತದೆ. ಹೀಗಾದರೆ ಸ್ಕ್ಯಾಫೋಲ್ಡ್ ಇದ್ದೂ ಏನು ಬಂತು?

ಟ್ರೀಟ್ ಮಾಡಿದ ಡಿಸ್ಕ್‌ಗೆ ಮೀಡಿಯಾ ಹಾಕಿದ ತಕ್ಷಣ ಒಳಗಿಳಿಯಿತು. ಪ್ಲಾಸ್ಮಾ ಬಿದ್ದಾಗ ಎಳೆಯ ಮೇಲ್ಮೈಗೆ ಆಮ್ಲಜನಕ ಇರುವ ಗುಂಪುಗಳು ಸೇರುತ್ತವೆ, ನೀರು ಹಿಡಿಯುವುದು ಅದರಿಂದಲೇ. ಕೋಶಗಳು ಎಳೆಗಳಿಗೆ ಅಂಟಿ ಉಳಿದವು. ಕೆಲವು ವಾರ ಬಿಟ್ಟು ಕಾರ್ಟಿಲೇಜ್ ಮ್ಯಾಟ್ರಿಕ್ಸ್ (ಕೋಶಗಳ ಸುತ್ತಲಿನ ವಸ್ತು) ಇದ್ದಲ್ಲಿ ನೀಲಿಯಾಗಿ ಹಿಡಿಯುವ ಆಲ್ಶಿಯನ್ ಬ್ಲೂ ಬಣ್ಣ ಹಾಕಿದಾಗ ಡಿಸ್ಕ್‌ನ ನಡುಭಾಗದಲ್ಲೂ ನೀಲಿ ಬಂತು. ಅಂದರೆ ಕೋಶಗಳು ಒಳಗೂ ಮ್ಯಾಟ್ರಿಕ್ಸ್ ಕಟ್ಟಿವೆ. ತುಂಬಾ ಖುಷಿಯಾಯಿತು.

ನನ್ನ ತಕರಾರು ಒಂದೇ. ಪ್ಲಾಸ್ಮಾದ ಗುಣ ಬಹಳ ಕಾಲ ಉಳಿಯುವುದಿಲ್ಲ. ಇಟ್ಟಷ್ಟೂ ಮೇಲ್ಮೈ ಮತ್ತೆ ನೀರನ್ನು ದೂರ ತಳ್ಳುತ್ತದೆ. ಪ್ಯಾಕ್ ಮೇಲೆ ಸ್ಟೆರಿಲೈಸ್ ಮಾಡಿದ ತಾರೀಖು ಇದೆ, ಟ್ರೀಟ್ ಮಾಡಿದ ತಾರೀಖಿಲ್ಲ. ಕಪಾಟಿನಲ್ಲಿ ಉಳಿದಿದ್ದ ಹಳೇ ಲಾಟ್ ತೆಗೆದರೆ ಸಾದಾ ಡಿಸ್ಕ್‌ನ ಹಾಗೇ ತೇಲಿತು. ಕಂಪನಿಗೆ ಬರೆದ ಮೇಲೆ ಲಾಟ್ ನಂಬರ್ ನೋಡಿ ತಾರೀಖು ತಿಳಿಸಿದರು. ಇಷ್ಟು ಬೆಲೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಅಚ್ಚು ಹಾಕಬೇಕಲ್ವಾ? ಈ ಕಾರಣಕ್ಕೆ ಐದಕ್ಕೆ ನಾಲ್ಕು ಸ್ಟಾರ್.

ಬಜೆಟ್ ಇಲ್ಲದವರು ಸಾದಾ ಡಿಸ್ಕನ್ನೇ ಕೊಂಡು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ, ಪಿಹೆಚ್ ಸರಿಯಾಗುವವರೆಗೆ ತೊಳೆದು, ಜೆಲಾಟಿನ್ ಲೇಪಿಸಬಹುದು. ಹೊತ್ತು ಹಿಡಿಯುತ್ತದೆ, ಆದರೆ ಕೆಲಸ ಆಗುತ್ತದೆ. ಹೆಚ್ಚು ಹೊತ್ತು ನೆನೆಸಬೇಡಿ, ಎಳೆಯೇ ಸವೆದು ಡಿಸ್ಕ್ ಬಲ ಕಳೆದುಕೊಳ್ಳುತ್ತದೆ. ಸೋಂಕು ತೊಲಗಿಸೋಕೆ 70% ಎಥನಾಲ್ ಬಳಸಿ. ಆಟೋಕ್ಲೇವ್‌ಗೆ (ಒತ್ತಡದ ಬಿಸಿ ಹಬೆಯಲ್ಲಿ ಸ್ಟೆರಿಲೈಸ್ ಮಾಡುವ ಯಂತ್ರ) ಮಾತ್ರ ಹಾಕಬೇಡಿ. ಪಿಸಿಎಲ್ ಸುಮಾರು 60 ಡಿಗ್ರಿಗೇ ಕರಗುತ್ತದೆ, ಆಟೋಕ್ಲೇವ್ ಓಡುವುದು 121 ಡಿಗ್ರಿಯಲ್ಲಿ.